ಔದ್ಯೋಗಿಕ ಚಿಕಿತ್ಸೆ: ಒಂದು ಸಣ್ಣ ವೃತ್ತಿ, ಅದರ ಸಂಘ ಮತ್ತು ಏಳು ದಶಕಗಳ ಕಾಯುವಿಕೆ

ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರು ಇವರೆಲ್ಲರ ಪರಿಚಯ ನಮ್ಮ ಮನೆಗಳಿಗೆ ಉಂಟು. ಔದ್ಯೋಗಿಕ ಚಿಕಿತ್ಸಕರೆಂದರೆ ಯಾರು ಎಂದು ಕೇಳಿದರೆ ಮಾತ್ರ ನಮ್ಮಲ್ಲಿ ಬಹುಮಂದಿ ಉತ್ತರ ಹೇಳಲಾರರು. ಹಾಗಿದ್ದೂ ಭಾರತದಲ್ಲಿ ಈ ವೃತ್ತಿಯ ಶಿಕ್ಷಣ ಮೊದಲಾದುದು ಇದೇ ಮುಂಬಯಿಯ ಪರೇಲಿನಲ್ಲಿ, 1950ರಲ್ಲಿ. ಇದರ ರಾಷ್ಟ್ರೀಯ ಸಂಘ ರೂಪುಗೊಂಡುದು 1952ರಲ್ಲಿ. ಈ ವೃತ್ತಿಯನ್ನು ಹೆಸರಿಸಿ ನಿಯಂತ್ರಿಸುವ ರಾಷ್ಟ್ರಮಟ್ಟದ ಕಾನೂನು ಬಂದುದಾದರೋ 2021ರಲ್ಲಿ. ಈ ಎರಡು ವರ್ಷಗಳ ನಡುವಣ ಸುಮಾರು ಏಳು ದಶಕಗಳ ಕಾಲ ಸರಕಾರ ಮಾಡಬೇಕಾಗಿದ್ದ ಹಲವು ಕೆಲಸಗಳನ್ನು ಸದಸ್ಯರ ಚಂದಾಹಣದಿಂದ ನಡೆಯುವ ಸಂಘವೊಂದು ಮಾಡಿಕೊಂಡು ಬಂತು. ಆ ಕತೆಯನ್ನೂ, ಅದು ನಮ್ಮ ಕುಟುಂಬಗಳಿಗೆ ಏಕೆ ಸಂಬಂಧಪಟ್ಟದ್ದು ಎಂಬುದನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಹೆಸರಿನ ತೊಡಕು

ಈ ವೃತ್ತಿಯ ಮೊದಲ ಸಂಕಷ್ಟ ಅದರ ಹೆಸರೇ. ಇಂಗ್ಲಿಷಿನ ‘ಆಕ್ಯುಪೇಷನ್’ ಎಂಬ ಪದಕ್ಕೆ ಉದ್ಯೋಗ ಎಂಬ ಅರ್ಥವಿರುವಂತೆ, ಮನುಷ್ಯ ತನ್ನ ಹೊತ್ತನ್ನು ತುಂಬಿಕೊಳ್ಳುವ ಎಲ್ಲ ಚಟುವಟಿಕೆ ಎಂಬ ವಿಶಾಲವಾದ ಅರ್ಥವೂ ಇದೆ. ಆಕ್ಯುಪೇಷನಲ್ ಥೆರಪಿ ಎಂಬ ಹೆಸರು ಹುಟ್ಟಿದ್ದು ಈ ಎರಡನೆಯ ಅರ್ಥದಿಂದ. ಭಾರತೀಯ ಭಾಷೆಗಳಿಗೆ ಬರುವಾಗ ಮೊದಲನೆಯ ಅರ್ಥವೇ ಮುಂದೆ ನಿಂತಿತು. ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎಂದಾಗ ಕೇಳುಗರಿಗೆ ಕಾರ್ಖಾನೆಯ ಕಾರ್ಮಿಕರ ಕಾಯಿಲೆಗಳಿಗೆ ಕೊಡುವ ಚಿಕಿತ್ಸೆಯೋ, ನಿರುದ್ಯೋಗಿಗಳಿಗೆ ಕೆಲಸ ಕೊಡಿಸುವ ಯೋಜನೆಯೋ ಎಂಬ ಸಂದೇಹ ಹುಟ್ಟುವುದು ಸಹಜ. ಮರಾಠಿಯ ‘ವ್ಯವಸಾಯೋಪಚಾರ’ ಎಂಬ ಪದ ಕನ್ನಡಿಗರ ಕಿವಿಗೆ ಬಿದ್ದರೆ ಬೇಸಾಯದ ನೆನಪೇ ಬಂದೀತು. ಇನ್ನು ಆಸ್ಪತ್ರೆಯಲ್ಲಿ ‘ಓ.ಟಿ.’ ಎಂಬ ಎರಡಕ್ಷರ ಕಂಡರೆ ಎಲ್ಲರಿಗೂ ಹೊಳೆಯುವುದು ಶಸ್ತ್ರಚಿಕಿತ್ಸೆಯ ಕೊಠಡಿ.

ನಮ್ಮ ಭಾಷೆಯಲ್ಲಿ ಈ ಅರ್ಥಕ್ಕೆ ಹೆಚ್ಚು ಸಮೀಪವಾದ ಪದ ‘ಕಾಯಕ’ವೆಂದು ನಮಗನಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರು ಈ ಪದವನ್ನು ಕೇವಲ ಸಂಬಳದ ದುಡಿಮೆಗೆ ಬಳಸಲಿಲ್ಲ. ಮನುಷ್ಯನಿಗೆ ಘನತೆಯನ್ನು ತಂದುಕೊಡುವ ಕ್ರಿಯೆ ಎಂಬ ಅರ್ಥದಲ್ಲಿ ಬಳಸಿದರು. ತನ್ನ ಕೈಯಿಂದ ತಾನೇ ಉಣ್ಣುವುದು, ಸ್ನಾನ ಮಾಡುವುದು, ಸೀರೆ ಉಡುವುದು, ರಂಗೋಲಿ ಇಡುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು ಇವೆಲ್ಲ ಈ ಚಿಕಿತ್ಸಕರ ಲೆಕ್ಕದಲ್ಲಿ ಆಕ್ಯುಪೇಷನ್‌ಗಳೇ. ರೋಗ, ಅಪಘಾತ, ಹುಟ್ಟಿನಿಂದ ಬಂದ ನ್ಯೂನತೆ ಅಥವಾ ಮುಪ್ಪು ಇವುಗಳಿಂದ ಕಳೆದುಹೋದ ಇಂತಹ ಕ್ರಿಯೆಗಳನ್ನು ಮರಳಿ ದೊರಕಿಸುವುದು, ದೊರಕದಿದ್ದಲ್ಲಿ ಬೇರೆ ದಾರಿಯಿಂದ ಮಾಡಲು ಕಲಿಸುವುದು ಈ ಚಿಕಿತ್ಸೆಯ ತಿರುಳು. ಪದ ಬಳಕೆಯಲ್ಲಿ ನೆಲೆಯೂರಿರುವುದರಿಂದ ಈ ಲೇಖನದಲ್ಲಿ ನಾವೂ ‘ಔದ್ಯೋಗಿಕ ಚಿಕಿತ್ಸೆ’ ಎಂದೇ ಬರೆಯುತ್ತೇವೆ. ಓದುಗರು ಕಾಯಕದ ಅರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಚಿಕಿತ್ಸೆಯ ಸ್ವರೂಪ

ಪಾರ್ಶ್ವವಾಯು ಬಡಿದ ಒಬ್ಬ ಹಿರಿಯರ ಉದಾಹರಣೆಯನ್ನು ತೆಗೆದುಕೊಳ್ಳೋಣ. ವೈದ್ಯರು ಜೀವವನ್ನು ಉಳಿಸುತ್ತಾರೆ. ಫಿಸಿಯೋಥೆರಪಿಸ್ಟರು ಸ್ನಾಯುಗಳ ಬಲ, ಕೀಲುಗಳ ಚಲನೆ, ನಿಲ್ಲುವ ಮತ್ತು ನಡೆಯುವ ಶಕ್ತಿ ಇವುಗಳ ಕಡೆಗೆ ಮುಖ್ಯವಾಗಿ ಗಮನ ಕೊಡುತ್ತಾರೆ. ಔದ್ಯೋಗಿಕ ಚಿಕಿತ್ಸಕರ ಪ್ರಶ್ನೆ ಬೇರೆ ಬಗೆಯದು. ಈ ವ್ಯಕ್ತಿ ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಿದ್ದರು? ಅವುಗಳಲ್ಲಿ ಈಗ ಯಾವುದು ಆಗುತ್ತಿಲ್ಲ? ಆಗದಿರುವುದಕ್ಕೆ ಕಾರಣ ಕೈಯ ದೌರ್ಬಲ್ಯವೋ, ಕಣ್ಣಿನ ನೋಟದ ಒಂದು ಬದಿ ಇಲ್ಲವಾಗಿರುವುದೋ, ಕೆಲಸದ ಹಂತಗಳ ಅನುಕ್ರಮ ಮರೆತುಹೋಗಿರುವುದೋ, ಅಥವಾ ಬಚ್ಚಲಿನ ಹೊಸ್ತಿಲು ಎತ್ತರವಾಗಿರುವುದೋ? ಕಾರಣ ತಿಳಿದ ಮೇಲೆ ಚಿಕಿತ್ಸೆ ನಿಶ್ಚಯವಾಗುತ್ತದೆ. ಈ ಇಬ್ಬರ ಕೆಲಸಗಳು ಕೆಲವೆಡೆ ಒಂದರೊಳಗೊಂದು ಸೇರುತ್ತವೆ. ಆದರೆ ಒಂದು ಮತ್ತೊಂದಕ್ಕೆ ಬದಲಿಯಲ್ಲ.

ಅಂಗಿ ತೊಡುವ ಪಾಠವನ್ನೇ ನೋಡಿ. ಒಂದು ಬದಿ ದುರ್ಬಲವಾದವರು ಅಂಗಿಯನ್ನು ತೊಡುವಾಗ ಮೊದಲು ದುರ್ಬಲವಾದ ಕೈಯನ್ನು ತೋಳಿಗೆ ಹಾಕಬೇಕು. ಕಳಚುವಾಗ ಮೊದಲು ಗಟ್ಟಿಯಾದ ಕೈಯನ್ನು ಹೊರತೆಗೆಯಬೇಕು. ಇಷ್ಟೇ ವಿಷಯ. ಇದನ್ನು ತಿಳಿಯದ ಮನೆಯವರು ಪ್ರೀತಿಯಿಂದಲೇ ದುರ್ಬಲ ಕೈಯನ್ನು ಹಿಡಿದು ಎಳೆದು, ಭುಜದ ಕೀಲಿಗೆ ನೋವು ತಂದಿಡುವುದುಂಟು. ಸಂಧಿವಾತವಿರುವ ಗೃಹಿಣಿಗೆ ಬೆರಳ ತುದಿಯಿಂದ ಪಾತ್ರೆ ಎತ್ತದೆ ಎರಡೂ ಅಂಗೈಗಳಿಂದ ಎತ್ತುವ ಕ್ರಮ, ದಪ್ಪ ಹಿಡಿಕೆಯ ಸೌಟು, ಕುಳಿತು ತರಕಾರಿ ಹೆಚ್ಚುವ ಎತ್ತರದ ಮೇಜು ಇವೂ ಚಿಕಿತ್ಸೆಯ ಅಂಗಗಳೇ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಶಾಲೆಯ ಬೆಂಚಿನ ಮೇಲೆ ನೆಟ್ಟಗೆ ಕೂರುವ ಏರ್ಪಾಡು, ಆಟಿಸಂ ಇರುವ ಮಗುವಿಗೆ ದಿನಚರಿಯನ್ನು ಚಿತ್ರಗಳ ಮೂಲಕ ತಿಳಿಸುವ ಬಗೆ, ಸುಟ್ಟ ಗಾಯ ಮಾಯುವಾಗ ಬೆರಳು ಮಡಚಿಕೊಳ್ಳದಂತೆ ತಡೆಯುವ ಸ್ಪ್ಲಿಂಟ್ ತಯಾರಿಕೆ, ಮನೋರೋಗದಿಂದ ಚೇತರಿಸಿಕೊಂಡವರಿಗೆ ಸಮಯಪಾಲನೆ ಮತ್ತು ಹಣದ ವ್ಯವಹಾರದ ಮರುಕಲಿಕೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಈ ವೃತ್ತಿಯ ಮಹತ್ವ ಒಂದು ಕಡೆಯಿಂದ ಚೆನ್ನಾಗಿ ಗೋಚರಿಸುತ್ತದೆ. ಪಾರ್ಶ್ವವಾಯುವಾದ ನಿವೃತ್ತರ ಸಹಿ ಹಳೆಯ ಸಹಿಗೆ ಹೊಂದುವುದಿಲ್ಲ. ಅಂತಹವರು ಹೆಬ್ಬೆರಳ ಅಥವಾ ಕಾಲ್ಬೆರಳ ಗುರುತು ಹಾಕಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ಸೂಚನೆಗಳಲ್ಲಿ ಅವಕಾಶವಿದೆ. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ನಿಯಮ ಮಾನವೀಯವಾದುದೇ. ಆದರೆ ಮೂವತ್ತು ವರ್ಷ ಕಡತಗಳ ಮೇಲೆ ಸಹಿ ಹಾಕಿದವರು ಶಾಯಿಯ ದಿಂಡಿನ ಮೇಲೆ ಹೆಬ್ಬೆರಳು ಒತ್ತುವಾಗ ಅವರ ಮುಖದಲ್ಲಿ ಮೂಡುವ ಸಂಕೋಚವನ್ನು ಯಾವ ನಿಯಮವೂ ಅಳಿಸಲಾರದು. ದಪ್ಪನೆಯ ಲೇಖನಿ, ಕಾಗದ ಜಾರದಂತೆ ಹಿಡಿಯುವ ಹಲಗೆ, ಕೆಲವು ತಿಂಗಳ ಅಭ್ಯಾಸ, ಬೇಕಾದರೆ ಎಡಗೈಯಿಂದ ಹೊಸ ಸಹಿ, ಆ ಹೊಸ ಸಹಿಯನ್ನು ಬ್ಯಾಂಕಿನಲ್ಲಿ ದಾಖಲಿಸುವುದು - ಈ ಹಾದಿಯನ್ನು ತೋರಿಸಬಲ್ಲವರು ಔದ್ಯೋಗಿಕ ಚಿಕಿತ್ಸಕರು. ಅಂತಹವರು ಇದ್ದಾರೆಂಬುದೇ ಎಷ್ಟೋ ಕುಟುಂಬಗಳಿಗೆ ತಿಳಿದಿಲ್ಲ.

ವಿದೇಶದಲ್ಲಿ ಮೂಲ

ಚಟುವಟಿಕೆಯೇ ಮದ್ದು ಎಂಬ ವಿಚಾರ ಹಳೆಯದು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಮತ್ತು ಅವರ ಕ್ವೇಕರ್ ಬಳಗದವರು 1796ರಲ್ಲಿ ತೆರೆದ ‘ರಿಟ್ರೀಟ್’ ಎಂಬ ಆಶ್ರಯಧಾಮದಲ್ಲಿ ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವ ಬದಲು ತೋಟದ ಕೆಲಸ, ಹೊಲಿಗೆ ಮುಂತಾದವುಗಳಲ್ಲಿ ತೊಡಗಿಸುವ ಪದ್ಧತಿ ಬೆಳೆಯಿತು. ಅಮೆರಿಕದಲ್ಲಿ 1917ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಕೆಲವೇ ಮಂದಿ ಸೇರಿ ಈ ವೃತ್ತಿಯ ಮೊದಲ ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಜಾರ್ಜ್ ಬಾರ್ಟನ್ ವಾಸ್ತುಶಿಲ್ಪಿ. ಸ್ವತಃ ಕ್ಷಯರೋಗ ಮತ್ತು ಪಾರ್ಶ್ವವಾಯುವಿನಿಂದ ಬಳಲಿ, ಕೆಲಸದ ಮೂಲಕವೇ ಚೇತರಿಸಿಕೊಂಡವರು. ವಿಲಿಯಂ ರಷ್ ಡಂಟನ್ ಮನೋವೈದ್ಯರು. ಎಲೀನರ್ ಕ್ಲಾರ್ಕ್ ಸ್ಲೇಗಲ್ ಸಮಾಜಸೇವೆಯ ಹಿನ್ನೆಲೆಯವರು. ಅದೇ ವರ್ಷ ಅಮೆರಿಕ ಮೊದಲ ಮಹಾಯುದ್ಧವನ್ನು ಪ್ರವೇಶಿಸಿತು. ಗಾಯಗೊಂಡು ಮರಳಿದ ಸೈನಿಕರನ್ನು ಮತ್ತೆ ಬದುಕಿಗೆ ಸಜ್ಜುಗೊಳಿಸುವ ಅಗತ್ಯವೇ ಈ ವೃತ್ತಿಯನ್ನು ಬೆಳೆಸಿತು. ಬ್ರಿಟನ್ನಿನಲ್ಲಿ ಡಾ. ಎಲಿಜಬೆತ್ ಕ್ಯಾಸನ್ ಅವರು 1930ರಲ್ಲಿ ಬ್ರಿಸ್ಟಲ್ ನಗರದಲ್ಲಿ ಅಲ್ಲಿನ ಮೊದಲ ಶಾಲೆಯನ್ನು ಆರಂಭಿಸಿದರು.

ವೃತ್ತಿ ಹುಟ್ಟುವಾಗಲೇ ಸಂಘವೂ ಹುಟ್ಟಿತು ಎಂಬುದು ಇಲ್ಲಿ ಗಮನಾರ್ಹ. ಸಂಖ್ಯೆಯಲ್ಲಿ ಕಡಿಮೆಯಿರುವವರು ಒಂದುಗೂಡದೆ ಉಳಿಯಲಾರರೆಂಬ ಅರಿವು ಆ ಸ್ಥಾಪಕರಿಗೆ ಮೊದಲಿನಿಂದಲೂ ಇತ್ತು.

ಪರೇಲಿನಲ್ಲಿ ಆರಂಭ

ಭಾರತಕ್ಕೆ ಈ ವೃತ್ತಿಯನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದ ಕ್ವೇಕರ್ ಕುಟುಂಬದಲ್ಲಿ 1900ರಲ್ಲಿ ಜನಿಸಿದ ಅವರ ಮೊದಲ ಹೆಸರು ಎಲಿಜಬೆತ್ ಲಂಡಿ. ವಿಷ್ಣು ನಿಂಬ್ಕರ್ ಅವರನ್ನು ವರಿಸಿ ಭಾರತಕ್ಕೆ ಬಂದು, ಇಲ್ಲಿನವರೇ ಆಗಿ ಬಾಳಿದರು. ನಲವತ್ತು ದಾಟಿದ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯದ ಶಾಲೆಯಲ್ಲಿ ಔದ್ಯೋಗಿಕ ಚಿಕಿತ್ಸೆಯನ್ನು ವಿದ್ಯಾರ್ಥಿನಿಯಾಗಿ ಕಲಿತು ಮರಳಿದರು. 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಔದ್ಯೋಗಿಕ ಚಿಕಿತ್ಸಾ ಶಾಲೆಯನ್ನು ಸ್ಥಾಪಿಸಿದರು. ನಾಗಪುರದಲ್ಲಿಯೂ ಶಾಲೆ ಆರಂಭವಾಗಲು ಅವರೇ ಪ್ರೇರಕರು. ಏಷ್ಯಾದ ಪುನರ್ವಸತಿ ಕ್ಷೇತ್ರಕ್ಕೆಂದೇ ಒಂದು ಪತ್ರಿಕೆಯನ್ನೂ ನಡೆಸಿದರು. 1979ರಲ್ಲಿ ಅವರು ನಿಧನರಾದರು.

ಕೆ.ಇ.ಎಂ. ಆಸ್ಪತ್ರೆಯ ಹೆಸರು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಗಿರಣಿಗಳ ನಡುವೆ 1926ರಲ್ಲಿ ತಲೆಯೆತ್ತಿದ ಈ ನಗರಪಾಲಿಕೆಯ ಆಸ್ಪತ್ರೆಯಲ್ಲಿ ಬಡವರಿಗೂ ಈ ಚಿಕಿತ್ಸೆ ಎಟಕುವಂತಾದುದು ನಿಂಬ್ಕರ್ ಅವರ ದೂರದೃಷ್ಟಿಯ ಫಲ. ಮುಂದೆ ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಮತ್ತು ಮುಂಬಯಿ ಸೆಂಟ್ರಲಿನ ನಾಯರ್ ಆಸ್ಪತ್ರೆಯ ವೈದ್ಯಕೀಯ ಕಾಲೇಜುಗಳಲ್ಲೂ ಈ ಶಿಕ್ಷಣ ಬಂತು. ಹಾಜಿ ಅಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಯೂ ಇದರ ಪ್ರಮುಖ ಕೇಂದ್ರವಾಯಿತು. ಆರಂಭದಲ್ಲಿ ಡಿಪ್ಲೊಮಾ ಮಟ್ಟದಲ್ಲಿದ್ದ ಶಿಕ್ಷಣ ಕ್ರಮೇಣ ಪದವಿ ಮತ್ತು ಸ್ನಾತಕೋತ್ತರ ಮಟ್ಟಕ್ಕೆ ಏರಿತು.

ಸಂಘದ ಹುಟ್ಟು ಮತ್ತು ಅದು ಹೊತ್ತ ಭಾರ

ಮೊದಲ ಶಾಲೆ ತೆರೆದ ಎರಡೇ ವರ್ಷಗಳಲ್ಲಿ, 1952ರಲ್ಲಿ, ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘ ಸ್ಥಾಪನೆಯಾಯಿತು. ಕಮಲಾ ನಿಂಬ್ಕರ್ ಅವರೇ ಅದರ ಮೊದಲ ಅಧ್ಯಕ್ಷೆ. ಅದೇ ವರ್ಷ ಈ ವೃತ್ತಿಯ ವಿಶ್ವ ಒಕ್ಕೂಟ ರೂಪುಗೊಂಡಾಗ ಅದರ ಸ್ಥಾಪಕ ಸದಸ್ಯರಾದ ಹತ್ತು ರಾಷ್ಟ್ರಗಳ ಸಾಲಿನಲ್ಲಿ ಭಾರತವೂ ಇತ್ತು. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಡೆನ್ಮಾರ್ಕ್, ಸ್ವೀಡನ್, ಇಸ್ರೇಲ್, ದಕ್ಷಿಣ ಆಫ್ರಿಕಗಳ ಜೊತೆಗೆ ಸ್ವಾತಂತ್ರ್ಯ ಪಡೆದು ಐದೇ ವರ್ಷವಾಗಿದ್ದ ನಮ್ಮ ದೇಶ ಕುಳಿತುದು ಸಣ್ಣ ಸಂಗತಿಯಲ್ಲ. ಇಂದು ಆ ಒಕ್ಕೂಟದಲ್ಲಿ ನೂರಕ್ಕೂ ಹೆಚ್ಚು ಸದಸ್ಯ ಸಂಘಗಳಿವೆ. 2010ರಿಂದ ಪ್ರತಿ ವರ್ಷ ಅಕ್ಟೋಬರ್ 27ನ್ನು ವಿಶ್ವ ಔದ್ಯೋಗಿಕ ಚಿಕಿತ್ಸಾ ದಿನವಾಗಿ ಆಚರಿಸಲಾಗುತ್ತಿದೆ.

ಸಂಘವೆಂದರೆ ವಾರ್ಷಿಕ ಸಮ್ಮೇಳನ, ಸನ್ಮಾನ, ಭೋಜನ ಎಂದು ನಾವು ಭಾವಿಸುವುದುಂಟು. ನಮ್ಮ ಸಂಘಗಳ ಅನುಭವವೂ ಹಾಗೆಯೇ ಇರಬಹುದು. ಈ ಸಂಘಕ್ಕೂ ವಾರ್ಷಿಕ ಸಮ್ಮೇಳನವಿದೆ, ತನ್ನದೇ ಆದ ವೃತ್ತಿ ಪತ್ರಿಕೆಯಿದೆ. ಆದರೆ ಇದು ಹೊತ್ತ ಭಾರ ಬೇರೆ. ವೈದ್ಯರ ಶಿಕ್ಷಣ ಮತ್ತು ನೋಂದಣಿಗೆ ವೈದ್ಯಕೀಯ ಪರಿಷತ್ತು, ದಾದಿಯರಿಗೆ ಶುಶ್ರೂಷಾ ಪರಿಷತ್ತು, ಔಷಧ ತಜ್ಞರಿಗೆ ಫಾರ್ಮಸಿ ಪರಿಷತ್ತು ಇದ್ದಂತೆ ಔದ್ಯೋಗಿಕ ಚಿಕಿತ್ಸಕರಿಗೆ ಶಾಸನಬದ್ಧವಾದ ಯಾವ ರಾಷ್ಟ್ರೀಯ ಸಂಸ್ಥೆಯೂ ಇರಲಿಲ್ಲ. ಆದ್ದರಿಂದ ಕಾಲೇಜುಗಳ ಪಠ್ಯಕ್ರಮಕ್ಕೆ ಕನಿಷ್ಠ ಮಟ್ಟವನ್ನು ನಿಗದಿಪಡಿಸುವುದು, ಕಾಲೇಜುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವುದು, ವಿಶ್ವ ಒಕ್ಕೂಟದ ಅಂಗೀಕಾರಕ್ಕೆ ಅವನ್ನು ಸಿದ್ಧಗೊಳಿಸುವುದು, ಅರ್ಹರ ಪಟ್ಟಿಯನ್ನು ಇಡುವುದು, ವೃತ್ತಿನೀತಿಯನ್ನು ರೂಪಿಸುವುದು ಇವೆಲ್ಲ ಸಂಘದ ಪಾಲಿಗೇ ಬಂದವು. ವಿಶ್ವ ಒಕ್ಕೂಟದ ಮಾನದಂಡದ ಪ್ರಕಾರ ವಿದ್ಯಾರ್ಥಿ ಕನಿಷ್ಠ 1,000 ಗಂಟೆ ರೋಗಿಗಳ ನಡುವೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿರಬೇಕು. ಸಂಘದ ಕೋರಿಕೆಯನ್ನು ಕಾಲೇಜು ಪಾಲಿಸಿದರೆ ಸರಿ. ಪಾಲಿಸದಿದ್ದರೆ ತಡೆಯುವ ಅಧಿಕಾರ ಸಂಘಕ್ಕೆ ಇರಲಿಲ್ಲ. ನೈತಿಕ ಬಲವಿತ್ತು, ಕಾನೂನಿನ ಬಲವಿರಲಿಲ್ಲ.

ಕಾನೂನಿನ ಹೊರಗೆ ಉಳಿದ ಕಾಲ

ಈ ಕೊರತೆಯ ಪರಿಣಾಮ ನೇರವಾಗಿ ಬಿದ್ದುದು ರೋಗಿಗಳ ಮೇಲೆ. ನಾಲ್ಕು ವರ್ಷಕ್ಕೂ ಹೆಚ್ಚು ಓದಿ ಪದವಿ ಪಡೆದವರೂ, ಕೆಲವು ವಾರಗಳ ತರಬೇತಿ ಮುಗಿಸಿದವರೂ ಒಂದೇ ಬೀದಿಯಲ್ಲಿ ಒಂದೇ ಬಗೆಯ ಫಲಕ ತೂಗುಹಾಕಬಹುದಿತ್ತು. ಆಟಿಸಂ ಇರುವ ಮಗುವಿನ ತಾಯಿತಂದೆಯರು ಯಾರನ್ನು ನಂಬಬೇಕೆಂದು ತಿಳಿಯದೆ ಅಲೆಯುವಾಗ ಅವರ ಹಣಕ್ಕಿಂತ ಹೆಚ್ಚಾಗಿ ನಷ್ಟವಾಗುವುದು ಕಾಲ. ಮಗುವಿನ ಮೊದಲ ಕೆಲವು ವರ್ಷಗಳು ಮರಳಿ ಬರುವುದಿಲ್ಲ.

ಸಂಸತ್ತು 1992ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮವನ್ನು ಅಂಗೀಕರಿಸಿತು. ಅದರಲ್ಲಿ ಹೆಸರಿಸಿದ ವೃತ್ತಿಪರರಲ್ಲಿ ಶ್ರವಣ ತಜ್ಞರು, ವಾಕ್ ಚಿಕಿತ್ಸಕರು, ಚಿಕಿತ್ಸಾ ಮನೋವಿಜ್ಞಾನಿಗಳು, ವಿಶೇಷ ಶಿಕ್ಷಕರು ಮುಂತಾದವರಿದ್ದರು. ಹೀಗಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಹೊರಬಂದ ವಾಕ್ ಚಿಕಿತ್ಸಕರಿಗೆ ಶಾಸನಬದ್ಧ ನೋಂದಣಿ ದೊರೆಯಿತು. ಅದೇ ಮಗುವಿಗೆ ಪಕ್ಕದ ಕೊಠಡಿಯಲ್ಲಿ ಕೈಯ ಬಳಕೆ ಕಲಿಸುವ ಔದ್ಯೋಗಿಕ ಚಿಕಿತ್ಸಕರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. 2007ರಲ್ಲಿ ಕೇಂದ್ರ ಸರಕಾರ ಮಂಡಿಸಿದ ಪ್ಯಾರಾಮೆಡಿಕಲ್ ಮತ್ತು ಫಿಸಿಯೋಥೆರಪಿ ಕೇಂದ್ರ ಪರಿಷತ್ತುಗಳ ಮಸೂದೆಯ ಹೆಸರಿನಲ್ಲಿಯೂ ಔದ್ಯೋಗಿಕ ಚಿಕಿತ್ಸೆಗೆ ಸ್ಥಾನವಿರಲಿಲ್ಲ; ಆ ಮಸೂದೆ ಕಾನೂನಾಗಲೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ ಪ್ರಕಾರ ರಾಜ್ಯ ಪ್ರಾಧಿಕಾರಗಳು ನೋಂದಾಯಿಸಬೇಕಾದವರು ಚಿಕಿತ್ಸಾ ಮನೋವಿಜ್ಞಾನಿಗಳು, ಮಾನಸಿಕ ಆರೋಗ್ಯ ದಾದಿಯರು ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಮಾನಸಿಕ ರೋಗಿಗಳ ಆರೈಕೆಯಲ್ಲೇ ಬೇರೂರಿ ಬೆಳೆದ ವೃತ್ತಿಗೆ ಅಲ್ಲಿಯೂ ಹೆಸರು ಸಿಗಲಿಲ್ಲ.

ಕಾನೂನಿನಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂದು ಓದುಗರು ಕೇಳಬಹುದು. ಸರಕಾರಿ ಕಚೇರಿಯ ರೀತಿನೀತಿ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೆಸರಿಲ್ಲದ ಕಡೆ ಹುದ್ದೆ ಮಂಜೂರಾಗುವುದು ಕಷ್ಟ. ಹುದ್ದೆಯಿಲ್ಲದ ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಗೆ ಆ ಸೇವೆಯಿಲ್ಲ. ಸೇವೆಯನ್ನೇ ಕಾಣದ ಜನರು ಅದನ್ನು ಕೇಳುವುದಿಲ್ಲ. ಜನರು ಕೇಳುವುದಿಲ್ಲವೆಂಬುದೇ ಹುದ್ದೆ ಮಂಜೂರು ಮಾಡದಿರಲು ಕಾರಣವಾಗುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕಿತ್ತು. ಚಿಕಿತ್ಸಕರ ಸಂಘ ಮನವಿಪತ್ರ, ನಿಯೋಗ, ಸಮ್ಮೇಳನದ ಠರಾವುಗಳ ಮೂಲಕ ಮುರಿಯಲು ಯತ್ನಿಸಿದುದು ಇದನ್ನೇ.

ಕೆಲವು ರಾಜ್ಯಗಳು ಕೇಂದ್ರಕ್ಕಿಂತ ಮೊದಲೇ ಎಚ್ಚೆತ್ತವು. ದೆಹಲಿಯಲ್ಲಿ 1997ರ ಅಧಿನಿಯಮದ ಮೂಲಕ ಫಿಸಿಯೋಥೆರಪಿ ಮತ್ತು ಔದ್ಯೋಗಿಕ ಚಿಕಿತ್ಸೆಗೆ ಪರಿಷತ್ತು ಏರ್ಪಟ್ಟಿತು. ಮಹಾರಾಷ್ಟ್ರವೂ ಈ ಎರಡು ವೃತ್ತಿಗಳಿಗಾಗಿ 2002ರ ಅಧಿನಿಯಮವನ್ನು ತಂದಿತು. ಎರಡು ಸೋದರ ವೃತ್ತಿಗಳು ಒಂದೇ ಸೂರಿನಡಿ ಇರುವುದರಿಂದ ಅನುಕೂಲವೂ ಉಂಟು, ಸಂಖ್ಯೆಯಲ್ಲಿ ಚಿಕ್ಕದಾದ ವೃತ್ತಿಗೆ ತನ್ನ ದನಿ ಅಡಗೀತೆಂಬ ಆತಂಕವೂ ಉಂಟು. ಹೊರನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಈ ಆತಂಕ ಅಪರಿಚಿತವಲ್ಲ. ಒಟ್ಟಾಗಿ ದುಡಿಯುತ್ತಲೇ ತನ್ನ ಹೆಸರನ್ನು ಉಳಿಸಿಕೊಳ್ಳುವ ಹದವನ್ನು ಈ ಸಂಘವೂ ಕಲಿಯಬೇಕಾಯಿತು.

2021ರ ಅಧಿನಿಯಮ

ಸಂಸತ್ತು 2021ರ ಮಾರ್ಚ್ ತಿಂಗಳಲ್ಲಿ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮವನ್ನು ಅಂಗೀಕರಿಸಿತು. ಮಾರ್ಚ್ 28ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದರ ಅನುಸೂಚಿಯಲ್ಲಿ ಹತ್ತು ವರ್ಗಗಳ ಅಡಿಯಲ್ಲಿ ಐವತ್ತಕ್ಕೂ ಹೆಚ್ಚು ವೃತ್ತಿಗಳಿವೆ. ಔದ್ಯೋಗಿಕ ಚಿಕಿತ್ಸೆಗೆ ಫಿಸಿಯೋಥೆರಪಿಯಿಂದ ಬೇರೆಯಾದ ತನ್ನದೇ ವರ್ಗ ದೊರೆತಿದೆ. ಆರೋಗ್ಯ ಆರೈಕೆ ವೃತ್ತಿಪರರೆನಿಸಲು ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕೆಂದು ಅಧಿನಿಯಮ ವಿಧಿಸುತ್ತದೆ. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ರಾಷ್ಟ್ರೀಯ ಮತ್ತು ರಾಜ್ಯ ನೋಂದಣಿ ಪುಸ್ತಕಗಳು, ನೋಂದಾಯಿಸದೆ ವೃತ್ತಿ ನಡೆಸುವವರಿಗೆ ದಂಡ ಇವೆಲ್ಲಕ್ಕೂ ಅದರಲ್ಲಿ ಅವಕಾಶವಿದೆ.

ಆದರೆ ಶಾಸನ ಅಚ್ಚಾದ ಮಾತ್ರಕ್ಕೆ ಅದು ನೆಲಕ್ಕಿಳಿಯುವುದಿಲ್ಲ. ಅನೇಕ ರಾಜ್ಯಗಳು ಪರಿಷತ್ತುಗಳನ್ನು ರಚಿಸಲು ತಡಮಾಡಿದವು. ಈ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಎರಡು ತಿಂಗಳೊಳಗೆ ಅಧಿನಿಯಮವನ್ನು ಜಾರಿಗೆ ತರುವಂತೆ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ನಿರ್ದೇಶನ ನೀಡಿತು. ಆದಕಾರಣ ಸಂಘದ ಕೆಲಸ ಮುಗಿದಿಲ್ಲ. ಅದರ ಸ್ವರೂಪ ಬದಲಾಗಿದೆ. ಕಾನೂನು ಬೇಕೆಂದು ಕೇಳುತ್ತಿದ್ದವರು ಇನ್ನು ಕಾನೂನು ನಡೆಯಲಿ ಎಂದು ಕೇಳಬೇಕಾಗಿದೆ. ಹೆಸರು ಬಂದ ಮೇಲೆ ಹುದ್ದೆಗಳು ಬರಬೇಕು. ಜಿಲ್ಲಾ ಆಸ್ಪತ್ರೆಗಳಿಗೂ ಶಾಲೆಗಳಿಗೂ ಚಿಕಿತ್ಸಕರು ತಲುಪಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಅಂಗವೈಕಲ್ಯದ ವರ್ಗಗಳನ್ನು 7ರಿಂದ 21ಕ್ಕೆ ಏರಿಸಿ, ಆಟಿಸಂ, ಪಾರ್ಕಿನ್ಸನ್ ಕಾಯಿಲೆ, ಕಲಿಕೆಯ ತೊಂದರೆ ಮೊದಲಾದವನ್ನು ಸೇರಿಸಿದೆ. ಹಕ್ಕನ್ನು ಪಡೆದವರ ಸಂಖ್ಯೆ ಹೆಚ್ಚಿದಂತೆ ಅವರಿಗೆ ನೆರವಾಗುವವರ ಸಂಖ್ಯೆಯೂ ಹೆಚ್ಚಬೇಕಲ್ಲವೆ?

ಕರ್ನಾಟಕದಲ್ಲಿ

ತವರು ರಾಜ್ಯದಲ್ಲಿ ಮಣಿಪಾಲ ಈ ಶಿಕ್ಷಣದ ಮುಖ್ಯ ಕೇಂದ್ರ. ಅಲ್ಲಿ ಪದವಿ ಮತ್ತು ಸ್ನಾತಕೋತ್ತರ ವ್ಯಾಸಂಗಗಳೆರಡೂ ಇವೆ. ಕರಾವಳಿಯ ಮೂಲದ ಮುಂಬಯಿ ಕುಟುಂಬಗಳ ಮಕ್ಕಳಿಗೆ ಊರಿನ ಸಮೀಪವೇ ಇರುವ ಈ ಅವಕಾಶ ತಿಳಿದಿರಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯಕೀಯ ಪುನರ್ವಸತಿ ವಿಭಾಗದಲ್ಲಿ ರೋಗಿಗಳಿಗೆ ಬೇಕರಿಯೇ ಮೊದಲಾದ ಕೆಲಸಗಳ ತರಬೇತಿ ನಡೆಯುತ್ತದೆ. ಬ್ರೆಡ್ಡು ಬೇಯಿಸಲು ಕಲಿಯುವುದು ಮೇಲ್ನೋಟಕ್ಕೆ ಕಾಣುವ ಪಾಠ; ಹೇಳಿದ ಹೊತ್ತಿಗೆ ಬರುವುದು, ಜೊತೆಯವರೊಡನೆ ಹೊಂದಿಕೊಳ್ಳುವುದು, ಆರಂಭಿಸಿದ ಕೆಲಸವನ್ನು ಮುಗಿಸುವುದು ಒಳಗಿನ ಪಾಠ. 2021ರ ಅಧಿನಿಯಮಕ್ಕೆ ಅನುಗುಣವಾಗಿ ಕರ್ನಾಟಕದಲ್ಲಿಯೂ ರಾಜ್ಯ ಪರಿಷತ್ತು ರಚನೆಯಾಗಿದೆ.

ವೃತ್ತಿಯ ಮೂಲಗ್ರಂಥಗಳು ಬಹುತೇಕ ಪಾಶ್ಚಾತ್ಯವಾದವು. ಚಮಚ ಮುಳ್ಳುಚಮಚಗಳಿಂದ ಉಣ್ಣುವುದು, ಕುರ್ಚಿಯೆತ್ತರದ ಶೌಚಾಸನವನ್ನು ಬಳಸುವುದು ಅಲ್ಲಿನ ಪರೀಕ್ಷೆಗಳ ಪ್ರಶ್ನೆಗಳು. ಅನ್ನ ಸಾರು ಕಲಸಿ ಬೆರಳುಗಳಿಂದ ಉಣ್ಣುವ, ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂರುವ, ತಂಬಿಗೆಯಿಂದ ನೀರು ಹೊಯ್ದುಕೊಳ್ಳುವ ನಮ್ಮವರಿಗೆ ಅವುಗಳನ್ನು ಹೊಂದಿಸಿಕೊಳ್ಳುವುದು ಭಾರತೀಯ ಚಿಕಿತ್ಸಕರ ಹೊಣೆ. ಅದಕ್ಕೆ ರೋಗಿಯ ಭಾಷೆ ಗೊತ್ತಿರಬೇಕು. ಪಾರ್ಶ್ವವಾಯುವಿನ ನಂತರ ಎಷ್ಟೋ ಹಿರಿಯರಿಗೆ ಆಮೇಲೆ ಕಲಿತ ಹಿಂದಿ, ಇಂಗ್ಲಿಷುಗಳಿಗಿಂತ ತಾಯ್ನುಡಿಯಲ್ಲಿ ಹೇಳಿದ್ದು ಸುಲಭವಾಗಿ ಮನಸ್ಸಿಗೆ ಇಳಿಯಬಹುದು. ಮಹಾನಗರಗಳಲ್ಲಿ ಕನ್ನಡ ಬಲ್ಲ ಯುವಕ ಯುವತಿಯರು ಈ ವೃತ್ತಿಗೆ ಬಂದರೆ ನಮ್ಮ ಹಿರಿಯರಿಗೆ ಆಗುವ ಉಪಕಾರ ದೊಡ್ಡದು.

ಕುಟುಂಬಗಳು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಚಿಕಿತ್ಸಕರ ಪದವಿ, ವಿಶ್ವವಿದ್ಯಾಲಯ ಮತ್ತು ನೋಂದಣಿ ಸಂಖ್ಯೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಹೀಗೆ ಕೇಳುವುದು ಅವಮಾನವಲ್ಲ. ಅರ್ಹರು ಸಂತೋಷದಿಂದಲೇ ತೋರಿಸುತ್ತಾರೆ.

ಎರಡನೆಯದಾಗಿ, ಚಿಕಿತ್ಸಕರು ನಮ್ಮ ಮನೆಯ ದಿನಚರಿಯನ್ನು ವಿಚಾರಿಸುತ್ತಾರೆಯೇ ಎಂದು ನೋಡಬೇಕು. ಯಾವ ಕೆಲಸ, ಎಷ್ಟು ಕಾಲದಲ್ಲಿ, ಯಾವ ಮಟ್ಟಕ್ಕೆ ಬರಬೇಕೆಂಬ ಗುರಿಯನ್ನು ಬರೆದುಕೊಟ್ಟರೆ ಪ್ರಗತಿಯನ್ನು ನಾವೇ ಅಳೆಯಬಹುದು.

ಮೂರನೆಯದಾಗಿ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿಯನ್ನು ಪೂರ್ಣವಾಗಿ ಗುಣಪಡಿಸುತ್ತೇವೆಂದು ಮಾತು ಕೊಡುವವರಿಂದ ದೂರವಿರಬೇಕು. ಸಾಮರ್ಥ್ಯವನ್ನು ಬೆಳೆಸುವುದು ಸಾಧ್ಯ. ಪವಾಡದ ಭರವಸೆ ವೃತ್ತಿಧರ್ಮವಲ್ಲ.

ನಾಲ್ಕನೆಯದಾಗಿ, ವಾರಕ್ಕೆ ಎರಡು ಮೂರು ಗಂಟೆಯ ಚಿಕಿತ್ಸೆಗಿಂತ ಉಳಿದ ಹೊತ್ತಿನಲ್ಲಿ ಮನೆಯವರು ನಡೆಸುವ ಅಭ್ಯಾಸ ಮುಖ್ಯ. ಎಲ್ಲವನ್ನೂ ನಾವೇ ಮಾಡಿಕೊಡುವುದು ಸೇವೆಯಂತೆ ಕಂಡರೂ ಅದು ರೋಗಿಯ ಕೈಯಿಂದ ಕೆಲಸವನ್ನು ಕಸಿದುಕೊಂಡಂತೆ. ಊಟಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿದರೂ ಅವರೇ ಉಣ್ಣಲಿ.

ಐದನೆಯದಾಗಿ, ವೈದ್ಯರು ತಾವಾಗಿ ಹೇಳದಿದ್ದರೂ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ಔದ್ಯೋಗಿಕ ಚಿಕಿತ್ಸೆಯ ಅಗತ್ಯವಿದೆಯೇ ಎಂದು ಕೇಳಬೇಕು. ಬಚ್ಚಲಿನಲ್ಲಿ ಹಿಡಿಕಂಬಿ, ಜಾರದ ನೆಲಹಾಸು, ಎತ್ತರಿಸಿದ ಶೌಚಾಸನ ಇಂತಹ ಚಿಕ್ಕ ಏರ್ಪಾಡುಗಳನ್ನು ರೋಗಿ ಮನೆಗೆ ಬರುವ ಮೊದಲೇ ಮಾಡಿಟ್ಟರೆ ಒಂದು ಬೀಳುವಿಕೆ ತಪ್ಪಬಹುದು.

ಸಣ್ಣ ವೃತ್ತಿಯೊಂದು ಮನ್ನಣೆ ಕೇಳಿದಾಗ ಅದು ತನ್ನ ಸಂಬಳ, ಸ್ಥಾನಮಾನಗಳಿಗಾಗಿ ಕೇಳುತ್ತಿದೆ ಎಂದು ತೋರುವುದು ಸಹಜ, ಅದೂ ತಪ್ಪಲ್ಲ. ಆದರೆ ಈ ವೃತ್ತಿಯ ಮಟ್ಟಿಗೆ ನೋಂದಣಿ ಪುಸ್ತಕದಲ್ಲಿ ಬರೆದ ಒಂದು ಹೆಸರು ಎಲ್ಲೋ ಒಂದು ಮನೆಯಲ್ಲಿ ಒಬ್ಬ ಹಿರಿಯರು ತಾವೇ ತುತ್ತೆತ್ತಿ ಉಣ್ಣುವುದಕ್ಕೆ, ಒಂದು ಮಗು ತಾನೇ ಗುಂಡಿ ಹಾಕಿಕೊಂಡು ಶಾಲೆಗೆ ಹೊರಡುವುದಕ್ಕೆ ಸಂಬಂಧಿಸಿದೆ. ನಮ್ಮ ಸಂಘ ಸಂಸ್ಥೆಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕಣ್ಣಿನ ತಪಾಸಣೆಯ ಮೇಜುಗಳ ಪಕ್ಕದಲ್ಲಿ ಔದ್ಯೋಗಿಕ ಚಿಕಿತ್ಸಕರಿಗೂ ಒಂದು ಮೇಜನ್ನು ಇಡುವುದು ಕಷ್ಟದ ಕೆಲಸವಲ್ಲ. ಮುಂದಿನ ಅಕ್ಟೋಬರ್ 27ರ ಆಸುಪಾಸಿನಲ್ಲಿ ನಡೆಯುವ ಶಿಬಿರದಿಂದಲೇ ಇದನ್ನು ಆರಂಭಿಸಬಹುದೆಂದು ಕಾರ್ಯಕಾರಿ ಸಮಿತಿಗಳ ಗಮನಕ್ಕೆ ತರಬಯಸುತ್ತೇವೆ.